ರುಮಾಲಿನ ಬಿಲ್ಲೆ: ಉದ್ಧಾರವೋ, ಸಂಹಾರವೋ?

ಪುರಾತನ ವಸ್ತುಗಳನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳುಂಟು. ವಸ್ತುವು ಹೇಳುವ ಮಾತನ್ನು ಕೇಳಬೇಕೆಂದು ಅದನ್ನು ಕಾಪಾಡುವವರದು ಒಂದು ಪಂಗಡ. ವಸ್ತುವು ತಮ್ಮ ಕಪಾಟಿನಲ್ಲಿ ಹೊಳೆಯಬೇಕೆಂದು ಅದನ್ನು ಕೂಡಿಹಾಕುವವರದು ಇನ್ನೊಂದು. ಮೊದಲಿನವರು ವಿರಳ, ಎರಡನೆಯವರು ಬಹಳ. ಹಳೆಯ ಗುಡಿಯ ಶಿಲಾಶಾಸನದ ಮೇಲೆ ಸುಣ್ಣ ಬಳಿದು ಅದನ್ನೇ ಜೀರ್ಣೋದ್ಧಾರವೆಂದು ಕರೆಯುವ ಭಕ್ತರಂತೆ, ಹಳೆಯ ಸೈನಿಕರ ಶಿರೋಲಾಂಛನಗಳನ್ನು ಹುಣಸೆಹುಳಿಯಿಂದ ತಿಕ್ಕಿ, ಮುರಿದ ಕೊಂಡಿಗೆ ಹೊಸ ಬೆಸುಗೆ ಹಾಕಿ, ಮಖಮಲ್ಲಿನ ಮೇಲೆ ಸಾಲಾಗಿ ಚುಚ್ಚಿ, ಅದನ್ನು ಉದ್ಧಾರವೆಂದು ಕರೆಯುವ ರಸಿಕರ ಒಂದು ವರ್ಗವುಂಟು. ಹಣ ಕೊಟ್ಟು ಕೊಂಡ ವಸ್ತುವನ್ನು ತಿಕ್ಕಲು ಕೊಂಡವನಿಗೆ ಹಕ್ಕಿದೆಯೆಂಬದು ಅವರ ವಾದ. ಈ ಹಕ್ಕನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ವಿಶೇಷವಾಗಿ ವಿಚಾರಿಸಬೇಕಾಗಿದೆ. ಏಕೆಂದರೆ ಒಂದು ಬಿಲ್ಲೆಯ ಹುಟ್ಟೂರು ಮರೆತುಹೋದರೆ ಆಗುವ ಹಾನಿಯು ಬೇರೆಡೆಗಿಂತ ಇಲ್ಲಿ ಹೆಚ್ಚು.

ಶಿರೋಲಾಂಛನವೆಂದರೆ ಸೈನಿಕನು ತನ್ನ ರುಮಾಲು ಅಥವಾ ಟೊಪ್ಪಿಗೆಯ ಮೇಲೆ ಧರಿಸುತ್ತಿದ್ದ ಲೋಹದ ಕುರುಹು. ಜನರ ಬಾಯಲ್ಲಿ ಅದು ಬಿಲ್ಲೆ. ಕಚೇರಿಯ ಪಟ್ಟೇವಾಲನ ಎದೆಯ ಮೇಲಿನ ಹಿತ್ತಾಳೆಗೂ ಅದೇ ಹೆಸರು, ಸಿಪಾಯಿಯ ತಲೆಯ ಮೇಲಿನ ಹಿತ್ತಾಳೆಗೂ ಅದೇ ಹೆಸರು. ಸಾಮಾನ್ಯ ಸಿಪಾಯಿಯ ಬಿಲ್ಲೆಯು ಹಿತ್ತಾಳೆಯದು ಅಥವಾ ಜರ್ಮನ್ ಸಿಲ್ವರಿನದು. ಅಧಿಕಾರಿಗಳದು ಕೆಲವೊಮ್ಮೆ ಬೆಳ್ಳಿಯದು, ಕೆಲವೊಮ್ಮೆ ಕಪ್ಪುಗೊಳಿಸಿದ ಕಂಚಿನದು. ಎಲ್ಲ ದಳಗಳಲ್ಲಿಯೂ ಶಿರೋಲಾಂಛನವು ಎಲ್ಲ ಕಾಲದಲ್ಲಿಯೂ ರೂಢಿಯಲ್ಲಿರಲಿಲ್ಲ. ಹಲವು ದಳಗಳಲ್ಲಿ ಭುಜದ ಮೇಲಿನ ಹಿತ್ತಾಳೆಯ ಅಕ್ಷರಗಳೇ ದಳದ ಗುರುತಾಗಿದ್ದುವು. ಎರಡು ಬೆರಳಿನಗಲದ ಈ ವಸ್ತುವಿಗೆ ಲೋಹದ ತೂಕದಿಂದ ಬರುವ ಬೆಲೆಯು ಅತ್ಯಲ್ಪ. ಅದರ ಬೆಲೆಯೆಲ್ಲ ಅದು ಸಾಕ್ಷಿ ನುಡಿಯುವದರಲ್ಲಿದೆ. ಸಾಕ್ಷಿಯ ಬಾಯಿ ಕಟ್ಟಿದ ಮೇಲೆ ಸಾಕ್ಷಿಯ ಮೈಯನ್ನು ಎಷ್ಟು ಶೃಂಗರಿಸಿದರೇನು?

ಪದಕಕ್ಕೂ ಬಿಲ್ಲೆಗೂ ಇರುವ ಒಂದು ಭೇದವನ್ನು ಸಂಗ್ರಾಹಕರು ಬಲ್ಲರು, ಆದರೂ ಅದರಂತೆ ನಡೆಯುವವರು ಕಡಿಮೆ. ೧೯೧೪-೧೮ರ ಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಇವೆಲ್ಲ ಒತ್ತಲ್ಪಟ್ಟಿರುತ್ತವೆ. ಎರಡನೆಯ ಮಹಾಯುದ್ಧದ ಪದಕಗಳಿಗೆ ಇಂಗ್ಲಂಡದಲ್ಲಿ ಹೆಸರು ಕೆತ್ತದೆ ಹೋದರೂ ಹಿಂದುಸ್ತಾನದ ಸೈನಿಕರ ಪದಕಗಳಿಗೆ ಕೆತ್ತಿದರು. ಆದುದರಿಂದ ಪದಕವು ಮನೆಯಿಂದ ಮನೆಗೆ, ಊರಿಂದ ಊರಿಗೆ ಅಲೆದರೂ ತನ್ನ ಒಡೆಯನ ಹೆಸರನ್ನು ಹೇಳಬಲ್ಲದು. ಬಿಲ್ಲೆಗೆ ಈ ಭಾಗ್ಯವಿಲ್ಲ. ಒಂದೇ ಅಚ್ಚಿನಲ್ಲಿ ಸಾವಿರಾರು ಬಿಲ್ಲೆಗಳು ಹುಟ್ಟಿದುವು. ಯಾವುದರ ಮೇಲೆಯೂ ಹೆಸರಿಲ್ಲ. "ಇದು ಅಜ್ಜನದು" ಎಂದು ಹೇಳುವ ಮೊಮ್ಮಗನ ಬಾಯಿಯೊಂದೇ ಅದರ ಶಾಸನ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ತನ್ನ ಊರು, ಕುಲ, ತಾಯಿತಂದೆಗಳನ್ನು ಕಾವ್ಯದಲ್ಲಿ ತಾನೇ ಹೇಳಿಕೊಂಡನು. ಸಾವಿರ ವರ್ಷಗಳ ಮೇಲೆಯೂ ಮುಧೋಳವು ಅವನನ್ನು ತನ್ನವನೆನ್ನುತ್ತದೆ. ಸಿಪಾಯಿಗೆ ಕಾವ್ಯಶಕ್ತಿಯಿರಲಿಲ್ಲ. ಅವನ ಪರವಾಗಿ ಯಾರಾದರೂ ಬರೆದಿಡಬೇಕು. ಬಿಲ್ಲೆಯನ್ನು ಕೊಂಡೊಯ್ಯುವವನು ಅದನ್ನೂ ಬರೆಯದಿದ್ದರೆ ಅವನು ಒಯ್ದದ್ದು ಹಿತ್ತಾಳೆಯನ್ನು, ಅಳಿಸಿದ್ದು ಒಬ್ಬ ಮನುಷ್ಯನನ್ನು.

ಈ ಸೀಮೆಯಲ್ಲಿ ಊರ ಹೆಸರು ಎಷ್ಟು ಮಹತ್ವದ್ದೆಂಬದನ್ನು ನೋಡಬೇಕಾದರೆ ಹಳೆಯ ರಾಜ್ಯವಿಭಾಗವನ್ನು ಸ್ಮರಿಸಬೇಕು. ೧೯೪೮ರ ವರೆಗೆ ಜಮಖಂಡಿಯು ಪಟವರ್ಧನರ ಸಂಸ್ಥಾನ, ಬನಹಟ್ಟಿಯು ಅದರೊಳಗಿನ ಊರು. ಅದರ ಮಗ್ಗುಲಲ್ಲಿಯೇ ಇರುವ ರಬಕವಿಯು ಸಾಂಗಲಿಯ ಪಟವರ್ಧನರದು. ಮುಧೋಳವು ಘೋರ್ಪಡೆಯವರದು. ಬೀಳಗಿಯು ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಹೀಗೆ ಒಂದು ದಿನದ ಚಕ್ಕಡಿಯ ಹಾದಿಯಲ್ಲಿ ನಾಲ್ಕು ಪ್ರಭುತ್ವಗಳು, ನಾಲ್ಕು ಬಗೆಯ ಕಾವಲಿನವರು. ಅಷ್ಟೇ ಅಲ್ಲ, ದೂರದ ಕುಂದಗೋಳವೂ ಜಮಖಂಡಿಗೆ ಸೇರಿದ್ದಿತು. ೧೯೪೮ನೆಯ ಮಾರ್ಚ ೮ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು; ೧೯೫೬ರಲ್ಲಿ ಈ ಸೀಮೆಯು ಏಕೀಕೃತ ಮೈಸೂರು ರಾಜ್ಯದಲ್ಲಿ ಸೇರಿತು; ೧೯೯೭ರಲ್ಲಿ ಬಾಗಲಕೋಟೆಯೆಂಬ ಹೊಸ ಜಿಲ್ಲೆಯಾಯಿತು. ಈಗ ನಾಲ್ಕು ಊರುಗಳೂ ಒಂದೇ ಜಿಲ್ಲೆಯೊಳಗಿರುವದರಿಂದ ಪೇಟೆಯ ವ್ಯಾಪಾರಿಯು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ "ಬಾಗಲಕೋಟೆಯ ಕಡೆಯದು" ಎನ್ನುತ್ತಾನೆ. ರಬಕವಿಯ ಮನೆಯಲ್ಲಿ ಸಿಕ್ಕಿತೋ ಬನಹಟ್ಟಿಯ ಮನೆಯಲ್ಲಿ ಸಿಕ್ಕಿತೋ ಎಂಬ ಒಂದು ಮಾತು ಬಿಟ್ಟುಹೋದರೆ, ಆ ಬಿಲ್ಲೆಯನ್ನು ಧರಿಸಿದವನು ಯಾವ ದೊರೆಯ ಪ್ರಜೆಯಾಗಿದ್ದನೆಂಬದೇ ತಿಳಿಯದೆ ಹೋಗುತ್ತದೆ. ಅದನ್ನು ಮುಂದೆ ಯಾವ ಪಂಡಿತನೂ ಊಹಿಸಿ ತುಂಬಲಾರನು.

ಬಿಲ್ಲೆಯನ್ನು ಓದುವ ಶಾಸ್ತ್ರವು ಕಠಿಣವಾದುದಲ್ಲ. ಆದರೆ ಓದಲು ಅಕ್ಷರ ಉಳಿದಿರಬೇಕು. ೧೯೦೧ರ ವರೆಗಿನ ಲಾಂಛನಗಳಲ್ಲಿ ವಿಕ್ಟೋರಿಯಾ ರಾಣಿಯ ಕಿರೀಟವಿರುತ್ತದೆ. ಅದರ ಕಮಾನುಗಳು ನಡುವೆ ತಗ್ಗಿರುತ್ತವೆ. ಆ ಬಳಿಕ ಬಂದ ರಾಜಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗಿರುತ್ತವೆ. ೧೯೫೦ನೆಯ ಜನವರಿ ೨೬ರಿಂದ ಭಾರತದ ಸೇನೆಯಲ್ಲಿ ಕಿರೀಟದ ಸ್ಥಾನಕ್ಕೆ ಅಶೋಕನ ಸಿಂಹಗಳು ಬಂದುವು. ಬಿಲ್ಲೆಯ ಮೇಲೆ ಅಂಕಿಯಿದ್ದರೆ ಇನ್ನೂ ನಿಖರ. ಮುಂಬಯಿ ಸೈನ್ಯದ ಕಾಲಾಳು ದಳಗಳ ಅಂಕಿಗೆ ೧೯೦೩ರಲ್ಲಿ ನೂರನ್ನು ಕೂಡಿಸಿದರು. ಮೂರನೆಯದು ನೂರಮೂರನೆಯದಾಯಿತು, ಹತ್ತನೆಯದು ನೂರಹತ್ತನೆಯದಾಯಿತು, ಹದಿನೇಳನೆಯದು ನೂರಹದಿನೇಳನೆಯದಾಯಿತು. ೧೯೨೨ರಲ್ಲಿ ಇಂಥ ಮರಾಠಾ ದಳಗಳನ್ನೆಲ್ಲ ಒಂದುಗೂಡಿಸಿ ಐದನೆಯ ಮರಾಠಾ ಲಘು ಪದಾತಿಯನ್ನು ಮಾಡಿದರು; ಅದರ ಶಿಕ್ಷಣದಳವು ಬೆಳಗಾವಿಯಲ್ಲಿ ನೆಲೆಸಿತು, ಇಂದಿಗೂ ಆ ಸೇನೆಯ ಕೇಂದ್ರವು ಅಲ್ಲಿಯೇ ಇದೆ. ಹೀಗಿರಲು ೧೦೩, ೧೧೦, ೧೧೭ ಎಂಬ ಅಂಕಿಗಳಲ್ಲಿ ಒಂದನ್ನು ಹೊತ್ತ ಚೂರು ಹಿತ್ತಾಳೆಯು ೧೯೦೩ರಿಂದ ೧೯೨೨ರ ವರೆಗಿನ ಹತ್ತೊಂಬತ್ತು ವರ್ಷಗಳಿಗೆ ಸೇರಿದ್ದೆಂದು ಬಾಲಕನೂ ಹೇಳಬಲ್ಲನು. ಈ ಮೂರೂ ದಳಗಳು ಮೆಸೊಪೊಟೇಮಿಯದ ಕುತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಉಪವಾಸದಿಂದ ಬಳಲಿ, ೧೯೧೬ನೆಯ ಎಪ್ರಿಲ ೨೯ರಂದು ಸೆರೆಯಾದುವೆಂಬದನ್ನು ನೆನೆದರೆ, ಆ ಅಂಕಿಯು ಬರಿಯ ಅಂಕಿಯಾಗಿ ಉಳಿಯುವದಿಲ್ಲ. ಆದರೆ ತಿಕ್ಕಿ ತಿಕ್ಕಿ ಅಂಕಿಯ ಅಂಚನ್ನು ಸವೆಯಿಸಿ, ಮೂರು ಯಾವುದು ಎಂಟು ಯಾವುದೆಂದು ತಿಳಿಯದಂತೆ ಮಾಡಿದ ಮೇಲೆ ಈ ಚರಿತ್ರೆಯೆಲ್ಲ ತಿಕ್ಕಿದವನ ಅರಿವೆಗೆ ಹತ್ತಿದ ಕರಿಯ ಕೊಳೆಯೊಡನೆ ಹೋಗುತ್ತದೆ.

ಮುಂಬದಿಗಿಂತ ಹಿಂಬದಿಯು ಹೆಚ್ಚು ಮಾತನಾಡುತ್ತದೆ. ರಬಕವಿ-ಬನಹಟ್ಟಿಯ ನೇಕಾರನ ಕೈಗೆ ಸೀರೆಯನ್ನು ಕೊಟ್ಟರೆ ಅವನು ಮೊದಲು ಅದನ್ನು ತಿರುಗಿಸಿ ನೋಡುತ್ತಾನೆ. ನೇಯ್ಗೆಯ ಸತ್ಯಾಸತ್ಯಗಳು ಅಲ್ಲಿರುತ್ತವೆ. ಬಿಲ್ಲೆಯದೂ ಹಾಗೆಯೇ. ವಿಲಾಯತಿಯ ಅಚ್ಚಿನಲ್ಲಿ ಒತ್ತಿದ ಬಿಲ್ಲೆಯ ಬೆನ್ನು ಟೊಳ್ಳಾಗಿ, ಮುಂದಿನ ಉಬ್ಬಿಗೆ ಹಿಂದೆ ತಗ್ಗಾಗಿ ಇರುತ್ತದೆ. ದೇಶದ ಕಂಚುಗಾರರು ಮರಳಿನ ಅಚ್ಚಿನಲ್ಲಿ ಎರೆದ ಬಿಲ್ಲೆಯು ದಪ್ಪವಾಗಿ, ಬೆನ್ನು ಚಪ್ಪಟೆಯಾಗಿ, ಅಲ್ಲಲ್ಲಿ ಗಾಳಿಯ ರಂಧ್ರಗಳಿಂದ ಕೂಡಿರುತ್ತದೆ. ಬೆನ್ನಿಗೆ ಎರಡು ಕೊಂಡಿಗಳಿದ್ದರೆ ಒಂದು ಬಗೆಯ ಧಾರಣೆ, ಉದ್ದನೆಯ ಪಟ್ಟಿಯಿದ್ದರೆ ಮತ್ತೊಂದು ಬಗೆಯದು, ಸೂಜಿಯಿದ್ದರೆ ಅದು ಬಳಿಕ ಯಾರೋ ಎದೆಗೆ ಸಿಕ್ಕಿಸಿಕೊಳ್ಳಲು ಮಾರ್ಪಡಿಸಿದ್ದಾಗಿರಬಹುದು. ದೇಶೀಯ ಎರಕದ ಬಿಲ್ಲೆಯನ್ನು "ಒರಟು ಕೆಲಸ"ವೆಂದು ಬದಿಗೆ ಸರಿಸಿ, ವಿಲಾಯತಿಯ ನಯವಾದ ಬಿಲ್ಲೆಗೆ ಹೆಚ್ಚು ಬೆಲೆ ಕಟ್ಟುವವರ ರುಚಿಯನ್ನು ಏನೆನ್ನಬೇಕು? ಆ ಒರಟು ಬಿಲ್ಲೆಯಲ್ಲಿ ಹೆಸರಿಲ್ಲದ ಸಿಪಾಯಿಯೊಡನೆ ಹೆಸರಿಲ್ಲದ ಕಂಚುಗಾರನೂ ಇದ್ದಾನೆ. ಈ ನೆಲದ ಕೈಗಳು ಮಾಡಿದುದನ್ನು ಈ ನೆಲದವರೇ ತುಚ್ಛವೆಂದೆಣಿಸುವದು ಕೀಳಾದ ಪರಾವಲಂಬನೆಯೇ ಸರಿ.

ತಿಕ್ಕುವವರು ಒಂದು ಜಾಣತನದ ಉತ್ತರ ಕೊಡುವದುಂಟು: "ಸಿಪಾಯಿಯೇ ತನ್ನ ಬಿಲ್ಲೆಯನ್ನು ದಿನಾಲು ತಿಕ್ಕಿ ಹೊಳೆಯಿಸುತ್ತಿದ್ದನಲ್ಲ! ಅವನು ಮಾಡಿದ್ದನ್ನು ನಾವು ಮಾಡಿದರೆ ದೋಷವೇನು?" ಈ ವಾದದಲ್ಲಿ ಪೂರ್ವಾರ್ಧವು ನಿಜ. ಸಿಪಾಯಿಯು ಕವಾಯತಿಗಾಗಿ ತಿಕ್ಕಿದನು. ಅವನ ಹೆಬ್ಬೆರಳು ವರ್ಷಗಟ್ಟಲೆ ಆಡಿದ ಕಡೆಯಲ್ಲಿ ಕಹಳೆಯ ಉಬ್ಬು ಸವೆದು ನಯವಾಯಿತು, ಮೂಲೆಗಳಲ್ಲಿ ಸವೆಯದೆ ಉಳಿಯಿತು. ಆ ಸವೆತವೇ ಅವನ ಹಸ್ತಾಕ್ಷರ. ಬಿಲ್ಲೆಯು ನಿಜವಾಗಿ ಧರಿಸಲ್ಪಟ್ಟಿತೋ ಅಥವಾ ಹಳೆಯ ಅಚ್ಚಿನಿಂದ ನಿನ್ನೆ ಮೊನ್ನೆ ಒತ್ತಿದ ನಕಲೋ ಎಂಬದನ್ನು ಆ ಸವೆತವನ್ನೂ ಅದರ ಮೇಲೆ ಕುಳಿತ ಕಂದುಬಣ್ಣವನ್ನೂ ನೋಡಿಯೇ ನಿರ್ಣಯಿಸಬೇಕು. ಸಂಗ್ರಾಹಕನ ಯಂತ್ರದ ಕುಂಚವು ಸಿಪಾಯಿಯ ಹೆಬ್ಬೆರಳಿನ ಗುರುತನ್ನು ಅಳಿಸಿ ತನ್ನ ಗುರುತನ್ನು ಹಾಕುತ್ತದೆ. ಪ್ರಾಚೀನ ಹಸ್ತಪ್ರತಿಯಲ್ಲಿ ಲಿಪಿಕಾರನ ಅಕ್ಷರಗಳನ್ನು ಕೆರೆದು ತನ್ನ ದುಂಡಕ್ಷರಗಳನ್ನು ಬರೆದವನು "ಅವನೂ ಬರೆದನು, ನಾನೂ ಬರೆದೆನು" ಎಂದರೆ ವಿದ್ವಾಂಸರು ಒಪ್ಪುವರೇ?

ಇದು ಬರಿಯ ಭಾವನೆಯ ಮಾತಲ್ಲ. ಲೋಹದ ಧರ್ಮವೂ ಹೀಗೆಯೇ ಇದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವುಗಳ ಮಿಶ್ರಣ. ಹುಣಸೆ, ನಿಂಬೆಗಳ ಹುಳಿಯು ಕೊಳೆಯೊಡನೆ ಲೋಹವನ್ನೂ ತಿನ್ನುತ್ತದೆ. ಮೇಲ್ಮೈಯಿಂದ ಸತುವು ಮೊದಲು ಕರಗುವದರಿಂದ ಕೆಂಪು ತಾಮ್ರವು ತೇಪೆ ತೇಪೆಯಾಗಿ ತಲೆಯೆತ್ತುತ್ತದೆ. ಬೂದಿಯೂ ಇಟ್ಟಂಗಿಯ ಪುಡಿಯೂ ಸಣ್ಣ ಗೀರುಗಳನ್ನು ಹಾಕುತ್ತವೆ. ಪೇಟೆಯಲ್ಲಿ ಸಿಗುವ ಹಿತ್ತಾಳೆಯ ಪಾಲಿಶುಗಳಲ್ಲಿ ಅಮೋನಿಯವಿರುವದುಂಟು. ಅದರ ಅಪಾಯವು ಮೊದಲು ಪ್ರಕಟವಾದದ್ದು ಹಿಂದುಸ್ತಾನದ ಸೈನ್ಯದಲ್ಲಿಯೇ ಎಂಬದು ಗಮನಿಸತಕ್ಕ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿಟ್ಟ ಹಿತ್ತಾಳೆಯ ತೋಟಾಗಳು ಯಾರೂ ಮುಟ್ಟದೆಯೇ ಬಿರಿಯುತ್ತಿದ್ದುವು. ಕುದುರೆಯ ಮೂತ್ರದಿಂದೇಳುವ ಅಮೋನಿಯವೇ, ಬಡಿದು ಒತ್ತಿದ ಹಿತ್ತಾಳೆಯೊಳಗಿನ ಬಿಗಿತದೊಡನೆ ಕೂಡಿ, ಅದನ್ನು ಸೀಳುತ್ತದೆಂದು ೧೯೨೧ರಲ್ಲಿ ಸಿದ್ಧವಾಯಿತು. ಅಚ್ಚಿನಲ್ಲಿ ಒತ್ತಿದ ಬಿಲ್ಲೆಯೂ ಅದೇ ಬಿಗಿತವುಳ್ಳದ್ದು. ಅದರ ಸಂದುಗಳಲ್ಲಿ ಪಾಲಿಶು ಉಳಿದುಕೊಂಡರೆ ಅದು ಬಿಳಿಯ ಗಾರೆಯಂತೆ ಗಟ್ಟಿಯಾಗಿ ಒಳಗೊಳಗೇ ಕೆಲಸ ಮಾಡುತ್ತದೆ. ಹೊಳಪು ಒಂದು ತಿಂಗಳಿನದು, ಹಾನಿಯು ಶಾಶ್ವತವಾದುದು.

ತಿಕ್ಕುವದಕ್ಕಿಂತ ಘೋರವಾದುದು ಕೂಡಿಸುವದು. ಒಂದು ಬಿಲ್ಲೆಯ ಮುರಿದ ಕಿರೀಟದ ಸ್ಥಾನಕ್ಕೆ ಇನ್ನೊಂದರ ಕಿರೀಟವನ್ನು ತಂದು ತವರದ ಬೆಸುಗೆ ಹಾಕುವದು, ಹೋದ ಕೊಂಡಿಯ ಬದಲು ಹೊಸ ತಂತಿಯನ್ನು ಹಚ್ಚುವದು, ಹಿತ್ತಾಳೆಗೆ ಬೆಳ್ಳಿಯ ನೀರು ಕೊಟ್ಟು ಅಧಿಕಾರಿಯ ಬಿಲ್ಲೆಯೆನ್ನುವದು: ಇವೆಲ್ಲ ಮಾರಾಟದ ದಿನ ಜೀರ್ಣೋದ್ಧಾರವೆನಿಸುತ್ತವೆ, ಮಾರನೆಯ ದಿನ ಪುರಾವೆಯೆನಿಸುತ್ತವೆ. ರಾಣಿಯ ಕಿರೀಟವುಳ್ಳ ಬಿಲ್ಲೆಗೆ ರಾಜನ ಕಿರೀಟ ಹತ್ತಿದರೆ, ಎಂದೂ ಇರದಿದ್ದ ಒಂದು ದಳವು ಎಂದೂ ಇರದಿದ್ದ ಒಂದು ಕಾಲದಲ್ಲಿ ಹುಟ್ಟಿಕೊಳ್ಳುತ್ತದೆ. ಮುರಿದ ಕೊಂಡಿಯು ನಾಚಿಕೆಯ ವಿಷಯವಲ್ಲ. ಅದು ಹೇಗೆ ಮುರಿಯಿತೆಂಬದೂ ಒಂದು ಪ್ರಶ್ನೆ. ಬೆಸುಗೆಯು ಆ ಪ್ರಶ್ನೆಯನ್ನೇ ಮುಚ್ಚುತ್ತದೆ.

ಇಲ್ಲಿ ಸಂಗ್ರಾಹಕರ ಪ್ರಬಲವಾದ ಆಕ್ಷೇಪವನ್ನು ಕೇಳಬೇಕು. "ನಾವು ಕೊಳ್ಳದಿದ್ದರೆ ಆ ಬಿಲ್ಲೆಗಳು ಬೋಗಾರನ ಮೂಸೆಗೆ ಹೋಗುತ್ತಿದ್ದುವು. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಹೊಸ ತಂಬಿಗೆ ತರುವ ಮನೆಗಳಿಗೆ ಬುದ್ಧಿ ಹೇಳದೆ, ಉಳಿಸಿದವರನ್ನು ದೂಷಿಸುವದು ಯಾವ ನ್ಯಾಯ?" ಈ ಮಾತಿನಲ್ಲಿ ಸತ್ಯಾಂಶವಿದೆ. ಮೂಸೆಯಿಂದ ಬಿಲ್ಲೆಯನ್ನು ತಪ್ಪಿಸಿದ ಉಪಕಾರವನ್ನು ಯಾರೂ ಅಲ್ಲಗಳೆಯುವದಿಲ್ಲ. ಆದರೆ ಉಪಕಾರವು ಅಲ್ಲಿಗೇ ನಿಂತರೆ ಅರ್ಧವೇ ಆಯಿತು. ಮನೆಯ ಬಾಗಿಲಲ್ಲಿ ನಿಂತು ಹಣ ಎಣಿಸುವಷ್ಟು ಹೊತ್ತು ಉಳ್ಳವನಿಗೆ ಹೆಸರು ಕೇಳುವಷ್ಟು ಹೊತ್ತಿಲ್ಲವೆಂದರೆ ನಂಬುವದು ಹೇಗೆ? ಅನೇಕ ವೇಳೆ ಹೊತ್ತಿಲ್ಲದ್ದು ಕಾರಣವಲ್ಲ. ಹೆಸರು ಕೇಳಿದರೆ ಮನೆಯವರಿಗೆ ವಸ್ತುವಿನ ಬೆಲೆ ಹೊಳೆದೀತೆಂಬ ಅಂಜಿಕೆಯು ಕಾರಣ. ಎಲ್ಲಿ ಸಿಕ್ಕಿತೆಂದು ಬರೆದರೆ ಇನ್ನೊಬ್ಬ ಸಂಗ್ರಾಹಕನು ಆ ಊರಿಗೆ ಹೋದಾನೆಂಬ ಮತ್ಸರವು ಕಾರಣ. ಮೂಸೆಯು ಹಿತ್ತಾಳೆಯನ್ನು ಕರಗಿಸುತ್ತದೆ, ಗುಟ್ಟು ಹೆಸರನ್ನು ಕರಗಿಸುತ್ತದೆ. ಎರಡರಿಂದಲೂ ಸಿಪಾಯಿಗೆ ಆಗುವದು ಒಂದೇ ಗತಿ.

ಇನ್ನು ಬೇರೊಂದು ದಿಕ್ಕಿನಿಂದ ಬರುವ ಆಕ್ಷೇಪವಿದೆ; ಅದು ಹೆಚ್ಚು ಗೌರವಕ್ಕೆ ಅರ್ಹವಾದುದು. ಪರರಾಜನ ಕಿರೀಟವನ್ನು ಹೊತ್ತ ಈ ದಾಸ್ಯಚಿಹ್ನೆಗಳನ್ನು ಕಾಪಾಡುವದೇ ತಪ್ಪು, ಅವು ಕರಗಿಹೋದರೆ ಒಳ್ಳೆಯದೆಂದು ಅಭಿಮಾನಿಗಳು ಹೇಳುತ್ತಾರೆ. ಹಾಗೆ ಹೇಳಲು ಈ ಸೀಮೆಗೆ ಇರುವಷ್ಟು ಕಾರಣವು ಮತ್ತಾರಿಗೂ ಇರಲಿಕ್ಕಿಲ್ಲ. ೧೮೫೭ರಲ್ಲಿ ಸರಕಾರವು ಜನರ ಆಯುಧಗಳನ್ನು ಕಸಿಯುವ ಕಾಯದೆ ಮಾಡಿದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬೇಟೆಯ ಬದುಕಿಗೆ ಆಧಾರವಾದ ಆಯುಧಗಳನ್ನು ಕೊಡಲೊಲ್ಲದೆ ತಿರುಗಿ ನಿಂತರು. ಅವರ ಮೇಲೆ ಕರ್ನಲ್ ಮಾಲ್ಕಮನ ಸೈನ್ಯವು ಏರಿಹೋಯಿತು. ಊರಿಗೆ ಬೆಂಕಿ ಬಿದ್ದಿತು. ಸೆರೆಸಿಕ್ಕ ಮುಖಂಡರನ್ನು ಆ ವರ್ಷದ ಡಿಸೆಂಬರದಲ್ಲಿ ಗಲ್ಲಿಗೇರಿಸಿದರು. ಮಾಲ್ಕಮನು ದಕ್ಷಿಣ ಮರಾಠಾ ಕುದುರೆದಳದ ಅಧಿಕಾರಿ. ಆ ದಳದ ಸವಾರರು ವಿಲಾಯತಿಯಿಂದ ಇಳಿದವರಲ್ಲ, ಈ ದೇಶದವರೇ.

ಈ ಕಹಿಯಾದ ಸತ್ಯಕ್ಕಾಗಿಯೇ ಬಿಲ್ಲೆಗಳು ಉಳಿಯಬೇಕು. ಆಯುಧವನ್ನು ಒಪ್ಪಿಸಲೊಲ್ಲದೆ ಸತ್ತವನೂ ಈ ನಾಡಿನವನು, ಸಂಬಳಕ್ಕಾಗಿ ಆಯುಧವನ್ನು ಹಿಡಿದವನೂ ಈ ನಾಡಿನವನು. ಮೊದಲಿನವನಿಗೆ ಲಾವಣಿ ದೊರೆಯಿತು. ಎರಡನೆಯವನಿಗೆ ಬಿಲ್ಲೆ ಮಾತ್ರ ಉಳಿಯಿತು. ಬರಗಾಲ, ಸಾಲ, ಭೂಮಿಯಿಲ್ಲದಿರುವಿಕೆ ಇವು ಎಷ್ಟೋ ಜನರನ್ನು ಸೈನ್ಯಕ್ಕೆ ನೂಕಿದುವು. ಕೆಲವರು ಹುರುಪಿನಿಂದಲೂ ಹೋದರು. ಅವರನ್ನು ಹೊಗಳುವದು ಬೇರೆ, ತೆಗಳುವದು ಬೇರೆ, ಅವರು ಇದ್ದರೇ ಇಲ್ಲವೆನ್ನುವದು ಬೇರೆ. ಮೂರನೆಯದು ಸುಳ್ಳು. ದಾಸ್ಯದ ಗುರುತನ್ನು ಕರಗಿಸಿದ ಮಾತ್ರಕ್ಕೆ ದಾಸ್ಯವು ಆಗಿಯೇ ಇರಲಿಲ್ಲವೆಂದಾಗುವದಿಲ್ಲ. ಅದು ಹೇಗೆ ಆಯಿತೆಂದು ತಿಳಿಯುವ ದಾರಿ ಮಾತ್ರ ಮುಚ್ಚುತ್ತದೆ. ಹಲಗಲಿಯ ಲಾವಣಿಯನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಮಾಡಿಸಿದವನು ಫ್ಲೀಟನೆಂಬ ಬ್ರಿಟಿಷ್ ಅಧಿಕಾರಿಯೆಂಬದನ್ನು ಅಭಿಮಾನಿಗಳು ಮರೆಯಬಾರದು. ಅವನು ಅದರ ಪದಗಳನ್ನು ತಿದ್ದಿ ನಯಮಾಡಿ ತನ್ನ ಸರಕಾರಕ್ಕೆ ಒಪ್ಪುವಂತೆ ಮಾಡಿದ್ದರೆ ಇಂದು ಆ ಲಾವಣಿಗೆ ಏನು ಬೆಲೆಯಿರುತ್ತಿತ್ತು? ಶತ್ರುವಿನ ಹಾಡನ್ನು ಇದ್ದಂತೆ ಬರೆದಿಡುವ ಶಿಸ್ತು ಪರಕೀಯನಿಗೆ ಇದ್ದಿತಾದರೆ, ಸ್ವಂತ ಅಜ್ಜನ ಬಿಲ್ಲೆಯನ್ನು ಇದ್ದಂತೆ ಇಡುವ ಶಿಸ್ತು ಸ್ವಕೀಯರಿಗೆ ಇರಬೇಡವೇ?

ಕಾಯದೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. ೧೯೭೨ರ ಪುರಾತನ ವಸ್ತುಗಳ ಹಾಗೂ ಕಲಾನಿಧಿಗಳ ಕಾಯದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಮಹತ್ವವುಳ್ಳ ವಸ್ತುವು ಪುರಾತನ ವಸ್ತುವೆನಿಸುತ್ತದೆ. ಅಂಥವುಗಳ ವ್ಯಾಪಾರಕ್ಕೆ ಪರವಾನಿಗೆ ಬೇಕು. ಖಾಸಗಿ ಮನುಷ್ಯನು ಅವುಗಳನ್ನು ಪರದೇಶಕ್ಕೆ ಕಳಿಸುವದು ನಿಷಿದ್ಧ. ೧೯೧೪-೧೮ರ ಯುದ್ಧದ ಬಿಲ್ಲೆಗಳು ಈಗ ಆ ವಯಸ್ಸನ್ನು ದಾಟಿವೆ. ಹೀಗಿದ್ದರೂ "ಹಿತ್ತಾಳೆಯ ಚೂರಿಗೆ ಕಾಯದೆಯೇ?" ಎಂದು ನಗುವವರು ಬಹಳ. ಚೂರು ಚಿಕ್ಕದಾದುದರಿಂದಲೇ ಅದು ಕಿಸೆಯಲ್ಲಿ ಹಿಡಿಯುತ್ತದೆ, ಅಂಚೆಯ ಲಕೋಟೆಯಲ್ಲಿ ಹೋಗುತ್ತದೆ, ಹೋದದ್ದು ತಿರುಗಿ ಬರುವದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ಬಿಲ್ಲೆಯು ಸಾಧ್ಯವಾದಷ್ಟು ಮಟ್ಟಿಗೆ ಮನೆಯಲ್ಲಿಯೇ ಇರಲಿ. ಬರಹವು ಹೊರಗೆ ಬರಲಿ. ಧರಿಸಿದವನ ಹೆಸರೇನು, ಊರು ಯಾವುದು, ದಳ ಯಾವುದು, ಬಿಲ್ಲೆಯು ಇಲ್ಲಿಯ ವರೆಗೆ ಯಾರ ಯಾರ ಕೈಯಲ್ಲಿದ್ದಿತು, ಈ ನಾಲ್ಕು ಪ್ರಶ್ನೆಗಳ ಉತ್ತರವನ್ನೂ, ಬಿಲ್ಲೆಯ ಎರಡೂ ಬದಿಯ ಛಾಯಾಚಿತ್ರವನ್ನೂ, ಅಳತೆ ತೂಕಗಳನ್ನೂ ಒಂದು ವಹಿಯಲ್ಲಿ ಬರೆದಿಡುವದಕ್ಕೆ ಸಾಹಿತ್ಯಸಂಘಕ್ಕಾಗಲಿ ಶಾಲೆಗಾಗಲಿ ಹೆಚ್ಚಿನ ವೆಚ್ಚವಿಲ್ಲ. ಮನೆಯವರು ತಿಳಿಯೆವೆಂದರೆ "ತಿಳಿಯದು" ಎಂದೇ ಬರೆಯಬೇಕು. ಊಹೆಯನ್ನು ಸಂಗತಿಯೆಂದು ಬರೆಯಬಾರದು. ಎರಡನೆಯದು, ಆರೈಕೆಯು ಮಿತವಾಗಿರಲಿ. ಸಡಿಲವಾದ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಗಟ್ಟಿಯಾದ ಮಣ್ಣನ್ನು ಬಟ್ಟಿಯಿಳಿಸಿದ ನೀರಿನಿಂದ ನೆನೆಯಿಸಿ ಬಿದಿರಿನ ಕಡ್ಡಿಯಿಂದ ಬಿಡಿಸಬೇಕು, ಲೋಹದ ಮೊನೆ ತಾಗಕೂಡದು. ಬಳಿಕ ಚೆನ್ನಾಗಿ ಆರಿಸಬೇಕು. ಕಂದುಬಣ್ಣವನ್ನು ಮುಟ್ಟಬಾರದು. ತಿಳಿಹಸಿರಿನ ಪುಡಿಯು ಒರೆಸಿದರೂ ಮತ್ತೆ ಮತ್ತೆ ಏಳುತ್ತಿದ್ದರೆ ಅದು ಉಪ್ಪಿನಂಶದಿಂದ ಹುಟ್ಟಿದ ರೋಗ. ಅಂಥ ಬಿಲ್ಲೆಯನ್ನು ಬೇರೆಯಾಗಿ ಒಣಗಿದ ಸ್ಥಳದಲ್ಲಿಟ್ಟು ಬಲ್ಲವರಿಗೆ ತೋರಿಸಬೇಕು. ಉಣ್ಣೆಯ ಬಟ್ಟೆಯಲ್ಲಿ ಗಂಧಕದ ಅಂಶವಿರುವದರಿಂದ ಬೆಳ್ಳಿಯ ಬಿಲ್ಲೆಯನ್ನು ಅದರಲ್ಲಿ ಸುತ್ತಬಾರದು. ಹುಳಿಯಿಲ್ಲದ ಕಾಗದವೇ ಲೇಸು. ಮುರಿದ ತುಂಡನ್ನು ಬೆಸೆಯದೆ ಅದೇ ಪೊಟ್ಟಣದಲ್ಲಿಡಬೇಕು. ಮೂರನೆಯದು, ಈಗಾಗಲೇ ಸಂಗ್ರಹ ಮಾಡಿದವರು ತಮ್ಮ ನೆನಪು ಮಾಸುವ ಮೊದಲು ಪ್ರತಿಯೊಂದು ಬಿಲ್ಲೆಯ ಪಕ್ಕದಲ್ಲಿ ಅದು ಸಿಕ್ಕ ಊರನ್ನೂ ವರ್ಷವನ್ನೂ ಬರೆಯಬೇಕು. ತಾವು ಹಾಕಿಸಿದ ಬೆಸುಗೆ ಮೆರುಗುಗಳನ್ನೂ ಮರೆಮಾಚದೆ ಬರೆಯಬೇಕು. ಇಷ್ಟು ಮಾಡಿದವನ ಕಪಾಟನ್ನು ಊರವರು ಗೌರವದಿಂದ ನೋಡುವರು.

೧೯೧೪ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಸಿಪಾಯಿಯನ್ನು ಕಣ್ಣಾರೆ ಕಂಡ ಮೊಮ್ಮಕ್ಕಳು ಈಗ ಮುಪ್ಪಿನವರು. ಹಿತ್ತಾಳೆಯು ಇನ್ನೂ ಇನ್ನೂರು ವರ್ಷ ಬಾಳೀತು. ಅವರ ನೆನಪು ಅಷ್ಟು ಕಾಲ ಬಾಳದು. ತಿಕ್ಕುವ ಕೆಲಸಕ್ಕೆ ಅವಸರವಿಲ್ಲ, ಅದು ಎಂದೂ ಆಗದಿದ್ದರೆ ಲೇಸು. ಬರೆಯುವ ಕೆಲಸಕ್ಕೆ ಈ ವರ್ಷವೇ ತಡವಾದುದು. ಜಮಖಂಡಿಯಲ್ಲಿಯಾಗಲಿ ಮುಧೋಳದಲ್ಲಿಯಾಗಲಿ, ಬೀಳಗಿಯಲ್ಲಿಯಾಗಲಿ ರಬಕವಿ-ಬನಹಟ್ಟಿಯಲ್ಲಿಯಾಗಲಿ, ಕೈಯಲ್ಲಿ ಅರಿವೆ ಹಿಡಿದು ಬಿಲ್ಲೆಯ ಮುಂದೆ ಕುಳಿತವರು ಆ ಅರಿವೆಯನ್ನು ಕೆಳಗಿಟ್ಟು ಲೇಖಣಿಯನ್ನು ಕೈಗೆ ತೆಗೆದುಕೊಳ್ಳಲಿ.